ಡಾಂಬರು ಕಾಣದ ಬಿಳಿ ರಸ್ತೆಗಳು

ಇಟಲಿಯ ಟಸ್ಕನಿ ಸೀಮೆಯ ಸಿಯೆನಾ ನಗರದಿಂದ ಆಗ್ನೇಯಕ್ಕೆ, ಆಶಾನೋ ಊರಿನ ಹತ್ತಿರ, ಮೋಂತೆ ಸಾಂತೆ ಮರೀಯೆ ಎಂಬ ಪುಟ್ಟ ಹಳ್ಳಿಯಿದೆ. ಗುಡ್ಡದ ನೆತ್ತಿಯ ಮೇಲೆ ಒತ್ತೊತ್ತಾಗಿ ಕುಳಿತ ಒಂದಿಷ್ಟು ಕಲ್ಲುಮನೆಗಳು, ಅಷ್ಟೆ. ಆ ಹಳ್ಳಿಯ ಹೆಸರು ಹೊತ್ತ ಬಿಳಿ ಜಲ್ಲಿರಸ್ತೆಯ ಉದ್ದ 11.5 ಕಿಲೋಮೀಟರ್. ಡಾಂಬರಿಲ್ಲ, ಬೀದಿದೀಪವಿಲ್ಲ, ಅಂಚಿಗೆ ಬಣ್ಣದ ಗೆರೆಯಿಲ್ಲ. ದಾರಿ ಧುಮುಕುತ್ತದೆ, ಮತ್ತೆ ಏರುತ್ತದೆ, ತಿರುವಿನಲ್ಲಿ ಸಡಿಲ ಕಲ್ಲು ಚಕ್ರದಡಿ ಜಾರುತ್ತದೆ. ಇಂಥ ರಸ್ತೆಗಾಗಿ ಜನ ಈಗ ಸೈಕಲ್ಲು ಬಿಚ್ಚಿ ಪೆಟ್ಟಿಗೆಗೆ ತುಂಬಿಕೊಂಡು, ವಿಮಾನ ಹತ್ತಿ ಬರುತ್ತಾರೆ. ಕಾರು ಲಾರಿಗಳ ಕಾಟವಿಲ್ಲದೆ ದಿನವಿಡೀ ಪೆಡಲು ತುಳಿಯಬಹುದು ಎಂಬುದೇ ಅವರಿಗೆ ದೊಡ್ಡ ಆಕರ್ಷಣೆ.

ಈ ನಿಶ್ಶಬ್ದ ಬಹಳ ಹಳೆಯದೇನೂ ಅಲ್ಲ. 1950ರ ಸುಮಾರಿಗೂ ಟಸ್ಕನಿಯ ಈ ದಾರಿಗಳಲ್ಲಿ ಎತ್ತಿನ ಗಾಡಿಗಳಿದ್ದವು, ಸಂತೆಗೆ ಹೊರಟ ಹೆಂಗಸರಿದ್ದರು, ಶಾಲೆಗೆ ನಡೆಯುವ ಮಕ್ಕಳಿದ್ದರು, ಸೈಕಲ್ಲೇರಿದ ಪಾದ್ರಿ, ಗಿರಣಿಗೆ ಗೋಧಿ ಹೊತ್ತ ಕತ್ತೆ ಎಲ್ಲ ಇದ್ದರು. ಇಪ್ಪತ್ತೇ ವರ್ಷಗಳಲ್ಲಿ ಅವರೆಲ್ಲ ಹೊರಟುಹೋದರು. ಡಾಂಬರು ಹಾಕಿಸಿ ಎಂದು ಅರ್ಜಿ ಹಿಡಿದು ಓಡಾಡಲು ಊರಲ್ಲಿ ಜನವೇ ಉಳಿಯಲಿಲ್ಲ. ರಸ್ತೆ ಬಿಳಿಯಾಗಿಯೇ ಉಳಿಯಿತು. ಇಂದಿನ ಸವಾರ ಸವಿಯುತ್ತಿರುವ ಸೊಬಗಿನ ಹಿಂದೆ ಒಂದು ದೊಡ್ಡ ಗುಳೆಯ ಕಥೆಯಿದೆ.

ಮೊದಲು ದಾರಿಯ ಕಥೆ. ಟಸ್ಕನಿಯ ಹಳೆಯ ರಸ್ತೆಗಳು ಕಣಿವೆ ಬಿಟ್ಟು ದಿಣ್ಣೆಯ ಬೆನ್ನು ಹಿಡಿದು ಓಡುತ್ತವೆ. ಬೆಟ್ಟ ಹತ್ತುವ ಚಪಲದಿಂದ ಯಾರೂ ಹಾಗೆ ಮಾಡಲಿಲ್ಲ. ತಗ್ಗಿನಲ್ಲಿ ಜೌಗು, ಜೌಗಿನಲ್ಲಿ ಮಲೇರಿಯಾ. ವಾಲ್ ದಿ ಕಿಯಾನಾ ಕಣಿವೆಯ ಜೌಗನ್ನು ಲಿಯೊನಾರ್ಡೊ ಡ ವಿಂಚಿ 1502ರ ಸುಮಾರಿಗೆ ನಕ್ಷೆಯಾಗಿ ಬರೆದಿಟ್ಟಿದ್ದಾನೆ. ಅದನ್ನು ಬತ್ತಿಸಿ ಹೊಲವಾಗಿಸುವ ಕೆಲಸ ಗಟ್ಟಿಯಾಗಿ ನಡೆದದ್ದು 18 ಮತ್ತು 19ನೇ ಶತಮಾನಗಳಲ್ಲಿ. ಅಲ್ಲಿಯವರೆಗೆ ದಾರಿಹೋಕನಿಗೆ ಎತ್ತರವೇ ಕ್ಷೇಮ. ಇಂದಿನ ಸೈಕಲ್ ಸವಾರ ಒಂದೇ ದಿನದಲ್ಲಿ ಮೂರು ಸಾವಿರ ಮೀಟರ್ ಏರಿ ಇಳಿದು ತೊಡೆ ಹಿಡಿದುಕೊಂಡು ಕೂತರೆ, ಅದಕ್ಕೆ ಆ ಕಾಲದ ಸೊಳ್ಳೆಯೂ ಒಂದಿಷ್ಟು ಕಾರಣ.

ಈ ದಿಣ್ಣೆಗಳ ಮೇಲೆ ಹಾದುಹೋದ ಯಾತ್ರಿಕರಲ್ಲಿ ಲೆಕ್ಕ ಬರೆದಿಟ್ಟವನು ಇಂಗ್ಲೆಂಡಿನ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಸಿಗೆರಿಕ್. 990ರಲ್ಲಿ ರೋಮಿಗೆ ಹೋಗಿ ಪೋಪ್ ಕೈಯಿಂದ ಅಧಿಕಾರದ ಲಾಂಛನ ಪಡೆದು ಮರಳುವಾಗ ತಂಗಿದ ಊರುಗಳ ಪಟ್ಟಿಯೊಂದು ಉಳಿದುಬಂದಿದೆ. ಸಾನ್ ಕ್ವಿರಿಕೊ, ಸಿಯೆನಾ, ಸಾನ್ ಜಿಮಿನ್ಯಾನೊ ಅದರಲ್ಲಿವೆ. ಫ್ರಾಂಚಿಜೆನಾ ಎಂದು ಹೆಸರಾದ ಆ ಯಾತ್ರಾಮಾರ್ಗದ ಮೇಲೆಯೇ ಸಿಯೆನಾ ಕೊಬ್ಬಿತು. ಯಾತ್ರಿಕರಿಗೆ ಆಸ್ಪತ್ರೆ ಕಟ್ಟಿತು, ವ್ಯಾಪಾರಿಗಳಿಗೆ ಸಾಲ ಕೊಟ್ಟಿತು. ಹೊಳೆಯಿಲ್ಲದ, ಬಂದರಿಲ್ಲದ ಈ ಊರಿಗೆ ರಸ್ತೆಯೇ ಬಂಡವಾಳ. 13ನೇ ಶತಮಾನದಲ್ಲೇ ಸಿಯೆನಾ ತನ್ನ ರಸ್ತೆಗಳಿಗಾಗಿ ಪ್ರತ್ಯೇಕ ಕಟ್ಟಳೆ ಬರೆಸಿತ್ತು. ಯಾವ ಸೇತುವೆ, ಯಾವ ದಾರಿ, ದುರಸ್ತಿ ಯಾವ ಊರಿನವರ ಹೊಣೆ ಎಂಬುದೆಲ್ಲ ಅದರಲ್ಲಿತ್ತು.

ಅದೇ ನಗರದ ಅರಮನೆಯಲ್ಲಿ ಆಂಬ್ರೋಜೊ ಲೊರೆಂಜೆತ್ತಿ 1338–39ರಲ್ಲಿ ಬರೆದ ಭಿತ್ತಿಚಿತ್ರವಿದೆ. ಒಳ್ಳೆಯ ಆಡಳಿತವಿದ್ದರೆ ಊರೂ ಹೊಲವೂ ಹೇಗಿರುತ್ತವೆ ಎಂಬುದೇ ಅದರ ವಸ್ತು. ನಗರದ ಬಾಗಿಲಿನಿಂದ ಇಳಿದು ದಿಣ್ಣೆಗಳ ನಡುವೆ ಸಾಗುವ ರಸ್ತೆ, ಮೂಟೆ ಹೊತ್ತ ಹೇಸರಗತ್ತೆಗಳು, ಬೇಟೆಗೆ ಹೊರಟ ಸಿರಿವಂತರು, ಕೊಯ್ಲು ಮಾಡುವ ರೈತರು. ಇವರೆಲ್ಲರ ಮೇಲೆ ರೆಕ್ಕೆಯ ಸ್ತ್ರೀಯೊಬ್ಬಳು ಗಾಳಿಯಲ್ಲಿ ತೇಲುತ್ತಿದ್ದಾಳೆ. ಆಕೆ ಭದ್ರತೆಯ ದೇವತೆ. ಕೈಯಲ್ಲಿ ಹಿಡಿದಿರುವುದು ನೇಣುಗಂಬ, ಅದರಲ್ಲೊಬ್ಬ ನೇತಾಡುತ್ತಿದ್ದಾನೆ. ದಾರಿಗಳ್ಳರಿಗೆ ಇದಕ್ಕಿಂತ ಸ್ಪಷ್ಟವಾದ ಸೂಚನಾಫಲಕ ಬರೆಸುವುದು ಕಷ್ಟ.

ಆದರೆ ಹೆದ್ದಾರಿಗಳಷ್ಟರಿಂದಲೇ ಇಷ್ಟು ದಟ್ಟವಾದ ರಸ್ತೆಜಾಲ ಹುಟ್ಟುವುದಿಲ್ಲ. ಟಸ್ಕನಿಯ ಕಿಯಾಂತಿ ಸೀಮೆಯ ನಕ್ಷೆ ಬಿಡಿಸಿದರೆ ದಾರಿ, ಕವಲುದಾರಿ, ಕವಲಿಗೊಂದು ಮರಿದಾರಿ ಕಾಣುತ್ತವೆ. ಇದಕ್ಕೆ ಕಾರಣ ‘ಮೆಜ್ಜಾದ್ರಿಯಾ’ ಎಂಬ ಅರೆಪಾಲಿನ ಬೇಸಾಯ. ನಮ್ಮ ಕಡೆ ಕೋರು ಎನ್ನುವ ಪದ್ಧತಿಗೆ ಹತ್ತಿರದ್ದು. ಭೂಮಿ, ಮನೆ, ಎತ್ತು ಒಡೆಯನದು. ದುಡಿಮೆ ಒಕ್ಕಲಿನದು. ಬಂದ ಬೆಳೆಯಲ್ಲಿ ಇಬ್ಬರಿಗೂ ಅರ್ಧರ್ಧ. ನಡು ಇಟಲಿಯಲ್ಲಿ ಈ ಏರ್ಪಾಡು ಮಧ್ಯಯುಗದಿಂದ 20ನೇ ಶತಮಾನದ ನಡುವಿನವರೆಗೂ ನಡೆಯಿತು.

ದಕ್ಷಿಣ ಇಟಲಿಯ ರೈತ ದೊಡ್ಡ ಊರಲ್ಲಿ ವಾಸಿಸಿ ಬೆಳಗ್ಗೆ ಹೊಲಕ್ಕೆ ನಡೆದುಹೋಗುತ್ತಿದ್ದ. ಟಸ್ಕನಿಯ ಒಕ್ಕಲು ಹೊಲದಲ್ಲೇ ಇರಬೇಕಿತ್ತು. ಪ್ರತಿ ಹಿಡುವಳಿಗೂ, ಅಂದರೆ ಪ್ರತಿ ‘ಪೊದೇರೆ’ಗೂ, ಅದರ ನಡುವೆಯೇ ಒಂದು ಕಲ್ಲುಮನೆ. ಕೆಳಗೆ ಕೊಟ್ಟಿಗೆ, ಮೇಲೆ ಸಂಸಾರ. ಹತ್ತು ಹದಿನೈದು ಜನರ ಕೂಡುಕುಟುಂಬ. ಯಜಮಾನನಿಗೆ ಕಪೋಚ್ಚಾ ಎನ್ನುತ್ತಿದ್ದರು. ಒಳಮನೆ, ಕೋಳಿ, ಮೊಟ್ಟೆಗಳ ಯಜಮಾನಿಕೆ ಮಸ್ಸಾಯಾಳದು. ಇಂಥ ಹತ್ತಾರು ಪೊದೇರೆಗಳ ಮೇಲೊಂದು ಫತ್ತೋರಿಯಾ. ಅಲ್ಲಿ ದ್ರಾಕ್ಷಿ ತುಳಿಯುವ ತೊಟ್ಟಿ, ಎಣ್ಣೆಗಾಣ, ಕಣಜ, ಲೆಕ್ಕದ ಪುಸ್ತಕ. ಲೆಕ್ಕ ನೋಡುವವನು ಫತ್ತೋರೆ, ಒಡೆಯನ ಪಾರುಪತ್ಯಗಾರ. ಒಡೆಯ ಫ್ಲಾರೆನ್ಸಿನಲ್ಲೋ ಸಿಯೆನಾದಲ್ಲೋ ಇರುತ್ತಿದ್ದ. ಬೆಳೆಯ ಅರ್ಧ ಪಾಲು ಪ್ರತಿ ಮನೆಯಿಂದಲೂ ಫತ್ತೋರಿಯಾ ತಲುಪಬೇಕು. ಬಿಳಿ ರಸ್ತೆಯ ಬಹುಪಾಲು ಹುಟ್ಟಿದ್ದು ಈ ಅರ್ಧಪಾಲನ್ನು ಸಾಗಿಸುವುದಕ್ಕೆ. ಎಳೆಯುತ್ತಿದ್ದುದು ಕಿಯಾನಿನಾ ತಳಿಯ ಬೆಳ್ಳಗಿನ, ಆನೆಗಾತ್ರದ ಎತ್ತುಗಳು.

ಅರ್ಧ ಎಂಬ ಮಾತು ಕೇಳಲು ನ್ಯಾಯವಾಗಿದೆ. ಒಪ್ಪಂದದ ಒಳಗೆ ಇಳಿದರೆ ಬಣ್ಣ ಬೇರೆ. ಹಬ್ಬಕ್ಕೆ ಒಡೆಯನಿಗೆ ಕೋಳಿ, ಮೊಟ್ಟೆ ಕಾಣಿಕೆ ಕೊಡಬೇಕು. ಕಾಲುವೆ ತೋಡಬೇಕು, ತಡೆಗೋಡೆ ಕಟ್ಟಬೇಕು. ಮನೆಯಲ್ಲಿ ಮದುವೆಯಾಗಬೇಕಾದರೆ ಒಡೆಯನ ಒಪ್ಪಿಗೆ ಬೇಕು, ಏಕೆಂದರೆ ಹೊಸ ಬಾಯಿ ಬಂದರೆ ಲೆಕ್ಕ ತಪ್ಪುತ್ತದೆ. ಒಪ್ಪಂದ ಮುರಿದು ಮನೆ ಬಿಡಿಸುವ ನೋಟಿಸು ಯಾವ ವರ್ಷ ಬೇಕಾದರೂ ಬರಬಹುದು. ಕಿಯಾಂತಿಯ ಬ್ರೋಲಿಯೊ ಕೋಟೆಯ ಒಡೆಯ ಬೆತ್ತಿನೊ ರಿಕಾಸೊಲಿ ಏಕೀಕೃತ ಇಟಲಿಯ ಎರಡನೆಯ ಪ್ರಧಾನಿಯಾದವನು, ಕಿಯಾಂತಿ ವೈನಿಗೆ ಯಾವ ದ್ರಾಕ್ಷಿ ಎಷ್ಟು ಎಂದು ಪಾಕ ಬರೆದವನೂ ಅವನೇ. ‘ಉಕ್ಕಿನ ಬ್ಯಾರನ್’ ಎಂಬ ಬಿರುದು ರಾಜಕಾರಣದಲ್ಲಿ ಬಂದದ್ದಾದರೂ ಅವನ ಒಕ್ಕಲುಗಳು ಅದನ್ನು ಅಲ್ಲಗಳೆಯುತ್ತಿರಲಿಲ್ಲ ಎಂದುಕೊಳ್ಳಬಹುದು.

ಟಸ್ಕನಿಯ ಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ದಾರಿಯಿದೆ. ಬೋಳು ಗುಡ್ಡದ ಮೇಲೆ ಹಾವಿನಂತೆ ತಿರುಚಿಕೊಂಡು ಏರುವ ಬಿಳಿ ರಸ್ತೆ, ಅದರಂಚಿಗೆ ಸೈಪ್ರಸ್ ಮರಗಳ ಸಾಲು. ನೋಡಿದವರು ಇದು ಮಧ್ಯಯುಗದ್ದೇ ಎಂದು ನಂಬಿಬಿಡುತ್ತಾರೆ. ಅದು ಹುಟ್ಟಿದ್ದು 20ನೇ ಶತಮಾನದಲ್ಲಿ. ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ಐರಿಸ್ ಒರಿಗೊ ಮತ್ತು ಆಕೆಯ ಗಂಡ ಅಂತೋನಿಯೊ, ವಾಲ್ ದೋರ್ಚಾ ಕಣಿವೆಯ ಲಾ ಫೋಚೆ ಎಂಬ ಹಾಳುಬಿದ್ದ ಜಮೀನನ್ನು 1920ರ ದಶಕದಲ್ಲಿ ಕೊಂಡು, ಬೋಳು ಜೇಡಿಮಣ್ಣನ್ನು ಹೊಲ ಮಾಡಿ, ಶಾಲೆ, ಚಿಕಿತ್ಸಾಲಯ, ರಸ್ತೆ ಎಲ್ಲವನ್ನೂ ಕಟ್ಟಿಸಿದರು. ಆ ಸೈಪ್ರಸ್ ಸಾಲು ಅವರ ಕಾಲದ ಕೆಲಸ. ಅನಾದಿ ಎಂದು ಕಾಣುವುದೆಲ್ಲ ಅನಾದಿಯಾಗಿರಬೇಕಿಲ್ಲ. ಯಾರೋ ದುಡ್ಡು ಹಾಕಿದ್ದಾರೆ, ಯಾರೋ ಗುದ್ದಲಿ ಹಿಡಿದಿದ್ದಾರೆ.

ರಸ್ತೆಯ ಮೈ ನೆಲದಂತೆ ಬದಲಾಗುತ್ತದೆ. ಕಿಯಾಂತಿಯಲ್ಲಿ ಆಲ್ಬೆರೇಸೆ ಎಂಬ ಸುಣ್ಣಕಲ್ಲು ಧಾರಾಳ. ಅದನ್ನೇ ಒಡೆದು ಹಾಸಿದರೆ ಬೇಸಿಗೆಯಲ್ಲಿ ಹಿಟ್ಟಿನಂಥ ಬಿಳಿ ಧೂಳು. ಸಿಯೆನಾದ ದಕ್ಷಿಣಕ್ಕಿರುವ ಕ್ರೇತೆ ಸೀಮೆಯಲ್ಲಿ ಬರೀ ಜೇಡಿ. ಒಣಗಿದಾಗ ಬಿರುಕು, ನೆನೆದಾಗ ಅಂಟು. ಅಲ್ಲಿ ಜಲ್ಲಿಯ ಹಾಸಿಲ್ಲದೆ ಗಾಡಿ ನಾಲ್ಕು ಹೆಜ್ಜೆ ಹೋಗಲಾರದು. ಎರಡೂ ಕಡೆ ರಸ್ತೆಯ ವೈರಿ ನೀರು. ನಡು ಉಬ್ಬಿಸಿ ಅಂಚಿಗೆ ಚರಂಡಿ ತೋಡದಿದ್ದರೆ ಒಂದೇ ಮಳೆಗಾಲದಲ್ಲಿ ಕೊರಕಲು. ಈ ಕೆಲಸಕ್ಕೇ ಮೀಸಲಾದ ನೌಕರ ಕಾಂತೋನಿಯೆರೆ. ಸಾರ್ಡೀನಿಯಾ ರಾಜ್ಯದಲ್ಲಿ 1830ರಲ್ಲಿ ಶುರುವಾದ ಈ ನೌಕರಿ ಏಕೀಕರಣದ ನಂತರ ಇಟಲಿಯಲ್ಲೆಲ್ಲ ಹರಡಿತು. ಒಬ್ಬನಿಗೆ ಮೂರೋ ನಾಲ್ಕೋ ಕಿಲೋಮೀಟರ್ ರಸ್ತೆ, ವಾಸಕ್ಕೆ ರಸ್ತೆಬದಿಯ ಸರ್ಕಾರಿ ಮನೆ. ಕಡುಗೆಂಪು ಬಣ್ಣದ ಆ ಮನೆಗಳು ಇಂದೂ ಹೆದ್ದಾರಿಗಳ ಪಕ್ಕ ಕಾಣುತ್ತವೆ, ಹಲವು ಬೀಗ ಹಾಕಿಕೊಂಡು. ಒಳದಾರಿಗಳಿಗೆ ಮಾತ್ರ ಈ ಭಾಗ್ಯವಿರಲಿಲ್ಲ. ಅವನ್ನು ಅಕ್ಕಪಕ್ಕದ ಜಮೀನುದಾರರೇ ನೋಡಿಕೊಳ್ಳಬೇಕು. ಅಂದರೆ ಒಕ್ಕಲುಗಳು.

ಸೈಕಲ್ಲು ಬಂದದ್ದು ಇಂಥ ರಸ್ತೆಗೆ. 1909ರ ಮೇ 13ರಂದು ಗಜ್ಜೆತ್ತಾ ಪತ್ರಿಕೆ ನಡೆಸಿದ ಮೊದಲ ಜಿರೋ ದಿತಾಲಿಯಾ ಸೈಕಲ್ ಸ್ಪರ್ಧೆ ಮಿಲಾನಿನಿಂದ ಹೊರಟಾಗ ಇಟಲಿಯ ರಸ್ತೆಗಳ ಪಾಡೆಲ್ಲ ಹೆಚ್ಚುಕಡಿಮೆ ಇದೇ. ಎಂಟು ಹಂತ, 2,448 ಕಿಲೋಮೀಟರ್. ಗೆದ್ದವನು ಲುಯಿಜಿ ಗಾನ್ನಾ, ಗಾರೆ ಕೆಲಸದವನು. ಗೆದ್ದ ಮೇಲೆ ಹೇಗನ್ನಿಸುತ್ತಿದೆ ಎಂದು ಕೇಳಿದ್ದಕ್ಕೆ ಕುಂಡೆ ಉರಿಯುತ್ತಿದೆ ಎಂದನಂತೆ. ಸೈಕಲ್ ಪತ್ರಿಕೋದ್ಯಮದಲ್ಲಿ ಅಷ್ಟು ಪ್ರಾಮಾಣಿಕ ಉತ್ತರ ಆಮೇಲೆ ಹೆಚ್ಚು ಬಂದಂತಿಲ್ಲ. ಆ ಕಾಲದ ಸವಾರರು ಹೆಚ್ಚುವರಿ ಟೈರನ್ನು ಎಂಟರ ಆಕಾರದಲ್ಲಿ ತಿರುಚಿ ಎರಡೂ ಹೆಗಲಿಗೆ ನೇತುಹಾಕಿಕೊಳ್ಳುತ್ತಿದ್ದರು. ಪಂಕ್ಚರಾದರೆ ಅವರೇ ಬಿಚ್ಚಬೇಕು, ಅವರೇ ಅಂಟಿಸಬೇಕು.

1924ರ ಜಿರೋದಲ್ಲಿ ಹಣದ ಜಗಳವಾಗಿ ಹೆಸರಾಂತ ಸವಾರರು ದೂರ ಉಳಿದರು. ಸಂಘಟಕರು ಯಾರು ಬೇಕಾದರೂ ಬರಲಿ ಎಂದು ಬಾಗಿಲು ತೆರೆದರು. ಬಂದವರಲ್ಲಿ ಎಮಿಲಿಯಾ ಸೀಮೆಯ ಬಡ ರೈತ ಕುಟುಂಬದ ಅಲ್ಫೊನ್ಸೀನಾ ಸ್ತ್ರಾದಾ ಒಬ್ಬಳು. ಪುರುಷರ ಜಿರೋದಲ್ಲಿ ಸ್ಪರ್ಧಿಸಿದ ಒಬ್ಬಳೇ ಹೆಣ್ಣು. ಪೆರೂಜಾದತ್ತ ಸಾಗಿದ ಹಂತದಲ್ಲಿ ಆಕೆಯ ಹ್ಯಾಂಡಲು ಮುರಿಯಿತು. ಪೊರಕೆ ಕೋಲು ಕಟ್ಟಿಕೊಂಡು ಸವಾರಿ ಮುಂದುವರಿಸಿ ವೇಳೆ ಮೀರಿ ತಲುಪಿದಳು. ಸ್ಪರ್ಧೆಯಿಂದ ಹೊರಗಿಟ್ಟರೂ ಕೊನೆಯವರೆಗೆ ತುಳಿಯಲು ಬಿಟ್ಟರು. ಹೊರಟವರು 90, ಮಿಲಾನಿಗೆ ಮರಳಿದ ಅಧಿಕೃತ ಸವಾರರು 30. ಪಟ್ಟಿಯ ಹೊರಗೆ, ಅವರ ಜೊತೆ ಅವಳು.

ಫ್ಲಾರೆನ್ಸಿನ ಹೊರವಲಯದ ಪೊಂತೆ ಆ ಏಮಾದಲ್ಲಿ ಹುಟ್ಟಿದ ಸೈಕಲ್ ಸವಾರ ಜೀನೊ ಬಾರ್ತಾಲಿ ತಯಾರಾದದ್ದು ಇದೇ ದಿಣ್ಣೆಗಳಲ್ಲಿ. ಜಿರೋ ಮೂರು ಬಾರಿ, ಟೂರ್ ದ ಫ್ರಾನ್ಸ್ 1938 ಮತ್ತು 1948ರಲ್ಲಿ, ಹತ್ತು ವರ್ಷಗಳ ಅಂತರದಲ್ಲಿ ಎರಡು ಬಾರಿ ಗೆದ್ದ. ನಡುವಿನ ಯುದ್ಧಕಾಲದಲ್ಲಿ ಅಭ್ಯಾಸದ ನೆಪದಲ್ಲಿ ಸೈಕಲ್ಲಿನ ಕೊಳವೆಯೊಳಗೆ ನಕಲಿ ಗುರುತುಪತ್ರಗಳನ್ನು ಅಡಗಿಸಿ, ಯಹೂದ್ಯರನ್ನು ಬಚ್ಚಿಟ್ಟಿದ್ದವರಿಗೆ ಸಾಗಿಸಿದನೆಂಬುದು ಅವನ ಹೆಸರಿಗೆ ಅಂಟಿಕೊಂಡ ಇನ್ನೊಂದು ಕಥೆ. ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ ಅವನು ಸತ್ತ ಹದಿಮೂರು ವರ್ಷಗಳ ಮೇಲೆ, 2013ರಲ್ಲಿ, ಮನ್ನಣೆ ನೀಡಿತು. ವಿವರಗಳ ಬಗ್ಗೆ ಇಟಲಿಯ ಇತಿಹಾಸಕಾರರಲ್ಲಿ ಈಗಲೂ ವಾಗ್ವಾದವಿದೆ. ಬದುಕಿದ್ದಾಗ ಬಾರ್ತಾಲಿ ಈ ವಿಷಯದಲ್ಲಿ ಬಾಯಿ ಬಿಟ್ಟಿದ್ದೇ ಕಡಿಮೆ.

1944ರ ಬೇಸಿಗೆಯಲ್ಲಿ ಯುದ್ಧ ಈ ದಾರಿಗಳ ಮೇಲೇ ನಡೆಯಿತು. ಲಾ ಫೋಚೆಯಲ್ಲಿ ಆಶ್ರಯ ಕೊಟ್ಟಿದ್ದ ಮಕ್ಕಳನ್ನು ಕರೆದುಕೊಂಡು ಐರಿಸ್ ಒರಿಗೊ ಜೂನಿನಲ್ಲಿ ಮೊಂತೆಪುಲ್ಚಾನೊ ಕಡೆಗೆ ಕಾಲ್ನಡಿಗೆಯಲ್ಲಿ ಹೊರಟಳು. ಗುಂಡಿನ ಸದ್ದಿನ ನಡುವಿನ ಆ ನಡಿಗೆಯನ್ನು ತನ್ನ ದಿನಚರಿಯಲ್ಲಿ ದಾಖಲಿಸಿದ್ದಾಳೆ. ಹಿಮ್ಮೆಟ್ಟುತ್ತಿದ್ದ ಜರ್ಮನ್ನರ ಬೆನ್ನುಹತ್ತಿ ಬಂದ ಮಿತ್ರಸೇನೆಯಲ್ಲಿ ಭಾರತದ 4, 8 ಮತ್ತು 10ನೇ ಡಿವಿಷನ್‌ಗಳಿದ್ದವು. ಫ್ಲಾರೆನ್ಸಿನ ನೈಋತ್ಯಕ್ಕಿರುವ ಮೊಂತೆಗುಫೋನಿ ಕೋಟೆಯಲ್ಲಿ ಉಫೀತ್ಸಿ ಸಂಗ್ರಹಾಲಯದ ಚಿತ್ರಗಳನ್ನು ಬಚ್ಚಿಟ್ಟಿದ್ದರು. 8ನೇ ಡಿವಿಷನ್ ಅಲ್ಲಿಗೆ ಬಂದಾಗ ಬೊತ್ತಿಚೆಲ್ಲಿಯ ‘ಪ್ರಿಮವೇರಾ’ ಗೋಡೆಗೊರಗಿ ನಿಂತಿತ್ತು. ಪೂರ್ವಕ್ಕೆ, ಉಂಬ್ರಿಯಾದಲ್ಲಿ, ತೈಬರ್ ನದಿಯ ಮೇಲಣ ಕಣಿವೆಯ ಗುಡ್ಡಗಳಲ್ಲಿ ಮರಾಠಾ ಲೈಟ್ ಇನ್‌ಫಂಟ್ರಿಯ ನಾಯಕ್ ಯಶವಂತ ಘಾಡ್ಗೆ ಜುಲೈ 10ರಂದು ಶತ್ರುವಿನ ಮಷಿನ್‌ಗನ್ ನೆಲೆಯ ಮೇಲೆ ಒಬ್ಬನೇ ನುಗ್ಗಿ ಅದನ್ನು ಅಡಗಿಸಿ ಪ್ರಾಣ ಕೊಟ್ಟ. ಮರಣೋತ್ತರವಾಗಿ ವಿಕ್ಟೋರಿಯಾ ಕ್ರಾಸ್ ಬಂತು. ಆ ರೆಜಿಮೆಂಟಿನ ಕೇಂದ್ರ ಇರುವುದು ನಮ್ಮ ಬೆಳಗಾವಿಯಲ್ಲಿ. ಮೊಂತೋನೆ ಊರಿನವರು 2023ರಲ್ಲಿ ಘಾಡ್ಗೆಯ ಸ್ಮರಣೆಗೆ ನೆರಳುಗಡಿಯಾರದ ಸ್ಮಾರಕವೊಂದನ್ನು ಅನಾವರಣ ಮಾಡಿದರು. ಉಂಬ್ರಿಯಾದ ಜಲ್ಲಿದಾರಿ ಸುತ್ತಲು ಹೊರಡುವ ಕನ್ನಡದ ಸವಾರರು ಆ ಊರಿಗೊಂದು ತಿರುವು ತೆಗೆದುಕೊಳ್ಳಬಹುದು.

ಯುದ್ಧ ಮುಗಿದ ಮೇಲೆ ಒಕ್ಕಲುಗಳು ತಲೆಯೆತ್ತಿದರು. ಪಾಲು ಹೆಚ್ಚಿಸಿ ಎಂದು ಚಳವಳಿ ನಡೆಯಿತು. ಅರ್ಧವಿದ್ದ ಪಾಲು ನೂರಕ್ಕೆ 53 ಆಯಿತು. ಆದರೆ ಆ ಹೊತ್ತಿಗೆ ಮಕ್ಕಳ ಕಣ್ಣು ಬೇರೆ ಕಡೆ ಹೊರಳಿತ್ತು. ಪೊಂತೆದೇರಾದಲ್ಲಿ ವೆಸ್ಪಾ ಸ್ಕೂಟರ್ ಕಾರ್ಖಾನೆ, ಪ್ರಾತೋದಲ್ಲಿ ಬಟ್ಟೆ ಗಿರಣಿ, ಪೊಜ್ಜಿಬೊನ್ಸಿಯಲ್ಲಿ ಪೀಠೋಪಕರಣ. ಅಲ್ಲಿ ವಾರದ ಕೂಲಿ ಕೈಗೆ ಬರುತ್ತದೆ, ಮನೆಯೊಳಗೆ ನಲ್ಲಿ, ವಿದ್ಯುತ್ತು ಇರುತ್ತದೆ, ಮದುವೆಗೆ ಫತ್ತೋರೆಯ ಅಪ್ಪಣೆ ಬೇಡ. ಪೊದೇರೆಯ ಹುಡುಗನನ್ನು ಮದುವೆಯಾಗಲು ಹುಡುಗಿಯರೇ ಒಲ್ಲೆ ಎನ್ನತೊಡಗಿದರು. 1956ರ ಫೆಬ್ರವರಿಯಲ್ಲಿ ಬಿದ್ದ ಭಾರೀ ಹಿಮಕ್ಕೆ ಆಲಿವ್ ಮರಗಳು ಸಾಲುಸಾಲಾಗಿ ಸತ್ತವು. ಹೊಸ ಸಸಿ ನೆಟ್ಟು ಫಲಕ್ಕೆ ಕಾಯುವ ತಾಳ್ಮೆ ಹಲವರಲ್ಲಿ ಉಳಿದಿರಲಿಲ್ಲ. 1951ರಲ್ಲಿ ಇಟಲಿಯ ದುಡಿಯುವವರಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಜನ ಬೇಸಾಯದಲ್ಲಿದ್ದರು. 1971ರ ಹೊತ್ತಿಗೆ 20ಕ್ಕಿಂತ ಕಡಿಮೆ. 1964ರ ಸೆಪ್ಟೆಂಬರಿನಲ್ಲಿ ಬಂದ ಕಾನೂನು ಹೊಸ ಮೆಜ್ಜಾದ್ರಿಯಾ ಒಪ್ಪಂದಗಳನ್ನು ನಿಷೇಧಿಸಿ, ಹಳೆಯವುಗಳಲ್ಲಿ ಒಕ್ಕಲಿನ ಪಾಲನ್ನು 58ಕ್ಕೆ ಏರಿಸಿತು. ಗೆಲುವು ಬಂದಾಗ ಪಡೆಯಲು ಮನೆಯಲ್ಲಿ ಇದ್ದವರು ಮುದುಕರು.

ಅದೇ 1964ರಲ್ಲಿ ಮಿಲಾನಿನಿಂದ ನೇಪಲ್ಸ್‌ವರೆಗಿನ ‘ಸೂರ್ಯನ ಹೆದ್ದಾರಿ’ ಮುಗಿಯಿತು. ಫಿಯಾಟ್ 600, ಆಮೇಲೆ ಪುಟಾಣಿ 500, ಮಧ್ಯಮ ವರ್ಗದ ಮನೆ ಮುಂದೆ ನಿಂತವು. ಡಾಂಬರು ಜನ ಇದ್ದ ಕಡೆ ಹರಿಯಿತು. ಮೊದಲು ರಾಷ್ಟ್ರೀಯ ರಸ್ತೆ, ಆಮೇಲೆ ಪ್ರಾಂತದ ರಸ್ತೆ, ಆಮೇಲೆ ಸಾಕಷ್ಟು ಮತದಾರರಿರುವ ಹಳ್ಳಿ. ಖಾಲಿ ಪೊದೇರೆಗಳನ್ನು ಹೆಣೆಯುವ ದಿಣ್ಣೆದಾರಿಯವರೆಗೆ ಬರುವಷ್ಟರಲ್ಲಿ ದುಡ್ಡೂ ಮುಗಿಯಿತು, ಅಗತ್ಯವೂ ಮುಗಿಯಿತು.

ಮನೆಗಳು ಮಾತ್ರ ತುಂಬ ಕಾಲ ಖಾಲಿಯಿರಲಿಲ್ಲ. ಕ್ರೇತೆ ಮತ್ತು ವಾಲ್ ದೋರ್ಚಾದ ಬಿಕೋ ಎನ್ನುವ ಜಮೀನುಗಳನ್ನು ಅಗ್ಗಕ್ಕೆ ಕೊಂಡವರು 1960ರ ದಶಕದಲ್ಲಿ ಸಾರ್ಡೀನಿಯಾ ದ್ವೀಪದಿಂದ ಕುರಿ ಹೊಡೆದುಕೊಂಡು ಬಂದ ಕುರಿಗಾಹಿಗಳು. ಇಂದು ಪಿಯೆಂಜಾ ಊರಿನ ಹೆಮ್ಮೆಯಾಗಿ ಮಾರಾಟವಾಗುವ ಪೆಕೊರೀನೊ ಚೀಸಿನ ಹಿಂದೆ ಅವರ ಕೈಯಿದೆ. ಕಿಯಾಂತಿಗೆ ಬಂದವರು ಇಂಗ್ಲಿಷರು, ಜರ್ಮನ್ನರು, ಸ್ವಿಸ್ಸರು. ಇಂಗ್ಲಿಷರು ಎಷ್ಟು ಬಂದರೆಂದರೆ ಪತ್ರಿಕೆಗಳು ಆ ಸೀಮೆಗೆ ‘ಕಿಯಾಂತಿಶೈರ್’ ಎಂದು ಹೊಸ ನಾಮಕರಣ ಮಾಡಿದವು. ಉಳಿದ ಭೂಮಿ ಯಂತ್ರಗಳ ಪಾಲಾಯಿತು. ಬಿಯಾಂಕಾನೆ ಎಂಬ ಬಿಳಿಜೇಡಿಯ ಗುಮ್ಮಟಗಳನ್ನು ಬುಲ್ಡೋಜರಿನಿಂದ ಸಮ ಮಾಡಿ ಗೋಧಿ ಬಿತ್ತಿದರು. ಸಣ್ಣ ಹೊಲ, ಬೇಲಿ, ಮರ ಎಲ್ಲ ಒಂದಾಗಿ ಹರವಾದ ಬಯಲಾಯಿತು. ಪೋಸ್ಟರಿನಲ್ಲಿ ಕಾಣುವ ಅಲೆಅಲೆ ಹಸಿರು ಅರ್ಧಕ್ಕರ್ಧ ಟ್ರ್ಯಾಕ್ಟರಿನ ಕಲೆ. ಅದನ್ನು ವಾಲ್ ದೋರ್ಚಾದ ಹೆಸರಿನಲ್ಲಿ ಯುನೆಸ್ಕೊ 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನವೋದಯ ಕಾಲದ ಚಿತ್ರಕಾರರ ಆದರ್ಶ ಭೂದೃಶ್ಯ ಎಂಬ ಮೆಚ್ಚುಗೆಯೂ ಜೊತೆಗೆ ಬಂತು. ಚಿತ್ರಕಾರರಿಗೆ ಬುಲ್ಡೋಜರ್ ಗೊತ್ತಿರಲಿಲ್ಲ, ಪಾಪ.

1990ರ ದಶಕಕ್ಕೆ ಬರುವಾಗ ಕಾಲ ಮತ್ತೆ ತಿರುಗಿತು. ವೈನಿನ ದುಡ್ಡು ಬಂತು, ಪ್ರವಾಸಿಗಳು ಬಂದರು, ಉಳಿದ ಬಿಳಿ ರಸ್ತೆಗಳಿಗೂ ಡಾಂಬರು ಬೇಕೆಂಬ ಮಾತು ಎದ್ದಿತು. ಕಿಯಾಂತಿಯ ಗಾಯೋಲೆ ಊರಿನ ಜಾಂಕಾರ್ಲೊ ಬ್ರೋಚ್ಚಿಗೆ ಇದನ್ನು ಸಹಿಸಲಾಗಲಿಲ್ಲ. ಬಾರ್ತಾಲಿ ಮತ್ತು ಅವನ ಎದುರಾಳಿ ಕೊಪ್ಪಿಯ ಕಾಲದ ಸೈಕ್ಲಿಂಗ್ ಹುಚ್ಚಿನವನಾತ. ಆ ವೀರರು ಓಡಾಡಿದ ರಸ್ತೆ ಇನ್ನೂ ಇರುವುದೇ ಇಲ್ಲಿ, ಅದನ್ನೂ ಮುಚ್ಚಿಬಿಟ್ಟರೆ ಹೇಗೆ ಎಂಬುದು ಅವನ ತಕರಾರು. 1997ರಲ್ಲಿ ಹಳೆಯ ಸೈಕಲ್ಲು, ಉಣ್ಣೆಯ ಜೆರ್ಸಿಗಳೊಂದಿಗೆ ಹೊರಟ ಲೆರೊಯಿಕಾ ಸವಾರಿಯ ಮೊದಲ ವರ್ಷ ಬಂದವರು 92 ಮಂದಿ. ಗೆಲ್ಲುವವರಿಲ್ಲ, ಸೋಲುವವರಿಲ್ಲ. ಸಮಾರಂಭಕ್ಕಿಂತ ಅದು ಒಂದು ಪ್ರತಿಭಟನೆ. ಫಲಕ ಹಿಡಿದು ಕೂರುವ ಬದಲು ತುಳಿದರು.

ಮೂರು ಸಾವಿರದಷ್ಟೂ ಜನರಿಲ್ಲದ ಗಾಯೋಲೆಗೆ ಈಗ ಪ್ರತಿ ಅಕ್ಟೋಬರಿನಲ್ಲಿ ಅದರ ಎಷ್ಟೋ ಪಟ್ಟು ಮಂದಿ ಬರುತ್ತಾರೆ. ನಿಯಮಗಳು ಬಿಗಿ. ಸೈಕಲ್ಲು 1987ಕ್ಕಿಂತ ಹಿಂದಿನದಾಗಿರಬೇಕು, ಗೇರಿನ ಕಡ್ಡಿ ಹ್ಯಾಂಡಲಿನಲ್ಲಿರದೆ ಚೌಕಟ್ಟಿನ ಕೆಳಕೊಳವೆಯ ಮೇಲಿರಬೇಕು, ಬ್ರೇಕಿನ ತಂತಿ ಹ್ಯಾಂಡಲಿನ ಹೊರಗೆ ಕಾಣಬೇಕು, ಪೆಡಲಿಗೆ ಪಟ್ಟಿಯ ಕೊಕ್ಕೆ ಇರಬೇಕು. 209 ಕಿಲೋಮೀಟರಿನ ದೀರ್ಘ ದಾರಿ ಹಿಡಿಯುವವರು ಕತ್ತಲಲ್ಲೇ ಹೊರಡುತ್ತಾರೆ. ರಿಕಾಸೊಲಿಯ ಬ್ರೋಲಿಯೊ ಕೋಟೆಗೆ ಏರುವ ಸೈಪ್ರಸ್ ಸಾಲಿನ ಬಿಳಿ ರಸ್ತೆಗೆ ಎರಡೂ ಬದಿ ದೀಪ ಹಚ್ಚಿಟ್ಟಿರುತ್ತಾರೆ. ದಾರಿಯಲ್ಲಿ ಸಿಗುವುದು ಎನರ್ಜಿ ಪಾನೀಯವಲ್ಲ, ರಿಬೊಲ್ಲೀತಾ ಎಂಬ ಹಳೆ ಬ್ರೆಡ್ಡು ಮತ್ತು ಬೀನ್ಸಿನ ಗಂಜಿಯಂಥ ಸಾರು, ಎಣ್ಣೆ ಸುರಿದ ರೊಟ್ಟಿ, ವೈನಿನಲ್ಲಿ ನೆನೆಸಿ ಸಕ್ಕರೆ ಉದುರಿಸಿದ ಬ್ರೆಡ್ಡಿನ ಹೋಳು. ಕೊನೆಯದು ಹಿಂದೆ ಒಕ್ಕಲು ಮನೆಯ ಮಕ್ಕಳ ಸಂಜೆಯ ತಿಂಡಿ. ಟೋಕಿಯೊದಿಂದ ಬಂದ ದಂತವೈದ್ಯನೊಬ್ಬ 1950ರ ಮಾದರಿಯ ಜೆರ್ಸಿ ತೊಟ್ಟು ಅದನ್ನು ತಿನ್ನುತ್ತ ನಿಂತರೆ ಆಶ್ಚರ್ಯಪಡಬೇಕಿಲ್ಲ. ಲೆರೊಯಿಕಾದ ಕವಲುಗಳು ಜಪಾನಿನಲ್ಲೂ ಬ್ರಿಟನ್ನಿನಲ್ಲೂ ಕ್ಯಾಲಿಫೋರ್ನಿಯಾದಲ್ಲೂ ಹುಟ್ಟಿಕೊಂಡವು.

ಈ ಗದ್ದಲ ಕೇಳಿ ವೃತ್ತಿಪರರು ಬಂದರು. 2007ರ ಅಕ್ಟೋಬರಿನಲ್ಲಿ ಗಾಯೋಲೆಯಿಂದ ಸಿಯೆನಾವರೆಗೆ ನಡೆದ ಮೊದಲ ಸ್ಪರ್ಧೆಗೆ ‘ಮೊಂತೆ ಪಾಸ್ಕಿ ಎರೊಯಿಕಾ’ ಎಂದು ಹೆಸರು. ಮೊಂತೆ ದೇಯಿ ಪಾಸ್ಕಿ ಅಂದರೆ 1472ರಲ್ಲಿ ಸಿಯೆನಾದಲ್ಲಿ ಹುಟ್ಟಿದ ಬ್ಯಾಂಕು. ಯಾತ್ರಾಮಾರ್ಗದ ಮೇಲೆ ಸಾಲ ಕೊಟ್ಟು ಬೆಳೆದ ಊರಿನ ಹಣ ಐದು ಶತಮಾನಗಳ ನಂತರ ಮತ್ತೆ ರಸ್ತೆಗೆ ಬಂತು. ಮುಂದಿನ ವರ್ಷದಿಂದ ಸ್ಪರ್ಧೆ ಮಾರ್ಚಿಗೆ ಸರಿಯಿತು, ಆಮೇಲೆ ‘ಸ್ತ್ರಾದೆ ಬಿಯಾಂಕೆ’ ಎಂಬ ಹೆಸರೇ ನಿಂತಿತು. 2015ರಿಂದ ಮಹಿಳೆಯರ ಸ್ಪರ್ಧೆಯೂ ಸೇರಿತು. ಕೊನೆಯಲ್ಲಿ ಸಂತ ಕ್ಯಾಥರೀನಳ ಹೆಸರಿನ ಕಡಿದಾದ ಓಣಿ ಏರಿ, ಲೊರೆಂಜೆತ್ತಿಯ ಚಿತ್ರವಿರುವ ಅರಮನೆಯ ಮುಂದಿನ ಚೌಕಕ್ಕೆ ಸವಾರರು ಇಳಿಯುತ್ತಾರೆ. ಸ್ವಿಟ್ಜರ್ಲೆಂಡಿನ ಫಾಬಿಯನ್ ಕಾನ್ಚೆಲ್ಲಾರಾ 2008, 2012, 2016ರಲ್ಲಿ ಗೆದ್ದ. ಮೂರು ಬಾರಿ ಗೆದ್ದವನೆಂದು ಮೋಂತೆ ಸಾಂತೆ ಮರೀಯೆಯ ರಸ್ತೆಗೆ ಅವನ ಹೆಸರಿಟ್ಟರು. 2024ರಲ್ಲಿ ತಾದೇಯ್ ಪೊಗಾಚರ್ 81 ಕಿಲೋಮೀಟರ್ ದೂರವನ್ನು ಒಂಟಿಯಾಗಿ ತುಳಿದು ಗೆದ್ದ. ಮರುವರ್ಷ ಇಳಿಜಾರಿನಲ್ಲಿ ಬಿದ್ದು, ಮೈ ತರಚಿಕೊಂಡು, ಎದ್ದು ಬಂದು ಮೂರನೆಯ ಸಲ ಗೆದ್ದ.

ಆದರೆ ಈ ರಸ್ತೆಗಳ ನಿಜರೂಪ ನೋಡಬೇಕೆಂದರೆ 2010ರ ಜಿರೋದ ಏಳನೆಯ ಹಂತದ ಚಿತ್ರಗಳನ್ನು ನೋಡಬೇಕು. ಕರ್ರಾರಾದಿಂದ ಮೊಂತಾಲ್ಚೀನೊವರೆಗಿನ ಆ ದಿನ ಮಳೆ ಹಿಡಿದಿತ್ತು. ಬಿಳಿ ರಸ್ತೆ ಕೆಸರುಗದ್ದೆಯಾಯಿತು. ಮುಂದಿರುವವನಿಗೆ ಸಲ್ಲುವ ಗುಲಾಬಿ ಅಂಗಿ ತೊಟ್ಟಿದ್ದ ಸವಾರ ನೀಬಾಲಿ ಬಿದ್ದು ಮುನ್ನಡೆ ಕಳೆದುಕೊಂಡ. ಗೆದ್ದ ಆಸ್ಟ್ರೇಲಿಯಾದ ಕ್ಯಾಡೆಲ್ ಇವಾನ್ಸ್ ತೊಟ್ಟಿದ್ದ ವಿಶ್ವ ಚಾಂಪಿಯನ್ನನ ಐದು ಬಣ್ಣದ ಪಟ್ಟೆಗಳ ಅಂಗಿಯಲ್ಲಿ ಒಂದು ಬಣ್ಣವೂ ಗುರುತು ಸಿಗುತ್ತಿರಲಿಲ್ಲ. 1909ರ ಗಾನ್ನಾನ ಕಾಲದ ಫೋಟೊ ಮತ್ತು ಇದನ್ನು ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಹೆಲ್ಮೆಟ್ಟಿನಲ್ಲಿ ಮಾತ್ರ.

ಈಗ ಗ್ರಾವೆಲ್ ಸೈಕಲ್ಲು ಎಂಬ ಬೇರೆ ಜಾತಿಯೇ ಹುಟ್ಟಿದೆ. ದಪ್ಪ ಟೈರು, ಡಿಸ್ಕ್ ಬ್ರೇಕು, ಸಣ್ಣ ಗೇರು. ಅದರ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಶಿಪ್ 2022ರಲ್ಲಿ ಇಟಲಿಯ ವೆನೆತೊ ಸೀಮೆಯಲ್ಲಿ, ವಿಚೆಂಜಾದಿಂದ ಚಿತ್ತದೆಲ್ಲಾವರೆಗೆ ನಡೆಯಿತು. ಸವಾರರಿಗೆ ತಂಗಲು ಪೊದೇರೆಯ ಮನೆಗಳೇ ಸಿಗುತ್ತವೆ. 1985ರ ಕೃಷಿ ಪ್ರವಾಸೋದ್ಯಮ ಕಾನೂನು ರೈತರಿಗೆ ಅತಿಥಿಗಳನ್ನಿಟ್ಟುಕೊಳ್ಳುವ ದಾರಿ ತೆರೆದ ಮೇಲೆ ಎಷ್ಟೋ ಕೊಟ್ಟಿಗೆಗಳು ಊಟದ ಕೋಣೆಗಳಾಗಿವೆ. ಕಿಯಾನಿನಾ ಎತ್ತು ನಿಲ್ಲುತ್ತಿದ್ದ ಕಲ್ಲುಗೋಡೆಗೆ ಸೈಕಲ್ಲು ಒರಗಿಸಬಹುದು.

ರಸ್ತೆಗಳು ಮಾತ್ರ ಈಗಲೂ ದುಡಿಯುವ ರಸ್ತೆಗಳೇ. ಲೆರೊಯಿಕಾ ನಡೆಯುವುದು ದ್ರಾಕ್ಷಿ ಕೊಯ್ಲಿನ ಕಾಲದಲ್ಲಿ. ಹಣ್ಣು ತುಂಬಿದ ಟ್ರೇಲರ್ ಎದುರಾದರೆ ಸೈಕಲ್ಲೇ ಅಂಚಿಗೆ ಸರಿಯಬೇಕು. ಮಾರ್ಚಿನ ಸ್ಪರ್ಧೆಗೆ ಮುಂಚೆ ಗ್ರೇಡರ್ ಓಡಿಸಿ ಹೊಸ ಜಲ್ಲಿ ಹಾಕಿದರೆ ಸವಾರರು ಸಡಿಲವಾಯಿತೆಂದು ಗೊಣಗುತ್ತಾರೆ. ಹಾಕದೆ ಬಿಟ್ಟರೆ ಕೊರಕಲಾಯಿತೆಂದು ಊರಿನವರು ಗೊಣಗುತ್ತಾರೆ. ಪ್ರಾಂತದ, ಪುರಸಭೆಯ ರಸ್ತೆಗಳಿಗೆ ಹೇಗೋ ಸರ್ಕಾರಿ ದುಡ್ಡು ಹೊಂದುತ್ತದೆ. ಜಮೀನುಗಳ ನಡುವಿನ ಒಳದಾರಿಗಳಿಗೆ 1918ರ ಕಾಯಿದೆಯೊಂದು ಇಂದಿಗೂ ಆಧಾರ. ಅದರ ಪ್ರಕಾರ ದಾರಿಯನ್ನು ಬಳಸುವ ಜಮೀನುದಾರರು ಕೂಟ ಕಟ್ಟಿಕೊಂಡು ದುರಸ್ತಿಯ ಖರ್ಚು ಹಂಚಿಕೊಳ್ಳಬೇಕು. ಸಾರ್ವಜನಿಕರೂ ಓಡಾಡುವ ದಾರಿಯಾದರೆ ಪುರಸಭೆ ಐದನೇ ಒಂದರಿಂದ ಅರ್ಧದವರೆಗೆ ಭರಿಸಬೇಕು. ಹೀಗಾಗಿ ಹಿಂದೆ ಒಕ್ಕಲುಗಳು ಗುದ್ದಲಿ ಹಿಡಿದು ಮಾಡುತ್ತಿದ್ದ ಕೆಲಸಕ್ಕೆ ಈಗ ವೈನ್ ಕಂಪನಿಯವರೂ ಕುರಿಗಾಹಿಯ ಮೊಮ್ಮಗನೂ ಬೇಸಿಗೆಗೆ ಬರುವ ಇಂಗ್ಲಿಷ್ ಮನೆಯೊಡೆಯನೂ ಒಂದೇ ಮೇಜಿನ ಸುತ್ತ ಕುಳಿತು ನಿನ್ನ ಪಾಲೆಷ್ಟು, ನನ್ನ ಪಾಲೆಷ್ಟು ಎಂದು ಚೌಕಾಸಿ ಮಾಡಬೇಕು. ಆ ಲೆಕ್ಕದಲ್ಲಿ ಸೈಕಲ್ ಸವಾರನ ಹೆಸರಿಗೆ ಕಲಮಿಲ್ಲ.